ಪೀರಮ್ಮ ಹೇಳಿದ ರೇಟು

ಬುಧವಾರ ಬಂತೆಂದರೆ ಪೀರಮ್ಮ ಪೊರಕೆ ಹಿಡಿಯುವ ಮೊದಲು ರೇಟು ಹೇಳಬೇಕಿತ್ತು. ಇಂದಿರಾನಗರದ ಆ ಅಪಾರ್ಟ್‌ಮೆಂಟಿನ ಮೂರನೇ ಮಹಡಿಯಲ್ಲಿ ಯಜ್ಞನಾರಾಯಣ ಅವರು ಕೆಂಪು ರಟ್ಟಿನ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಕಾಯುತ್ತಿದ್ದರು. ಅವರು ಕುರ್ಚಿಯಲ್ಲಿ. ಅವಳು ನಿಂತುಕೊಂಡು.

"ಟೊಮೇಟೊ?"

"ಹತ್ತು ಸಾರ್."

"ಕೆಜಿಗಾ?"

"ಹೂಂ ಸಾರ್. ಹೆಚ್ಚೂ ಕಮ್ಮಿ ಒಂದ್ ಕೆಜಿ ಬರ್ತದೆ."

"ಭೇಷ್! ಶಾಂತಾ, ಕೇಳಿದ್ಯಾ? ನೀನು ನಿನ್ನೆ ನಲವತ್ತು ಕೊಟ್ಟು ತಂದೆ. ಇವ್ಳು ನೋಡು, ಹತ್ತಕ್ಕೆ ತರ್ತಾಳೆ."

"ಅವ್ಳ ಚೌಕಾಸಿ ನಂಗೆಲ್ಲಿ ಬರ್ಬೇಕು?" ಎಂದು ಒಳಗಿನಿಂದ ಅವರ ಹೆಂಡತಿ ಶಾಂತಕುಮಾರಿ ಅನ್ನುತ್ತಿದ್ದರು.

ಪೀರಮ್ಮನ ಮುಖ ಅರಳುತ್ತಿತ್ತು. ಹನ್ನೊಂದು ವರ್ಷದಿಂದ ಆ ಮನೆಯ ಎಂಜಲು ತಟ್ಟೆ ತೊಳೆದಿದ್ದಾಳೆ. ಕಕ್ಕಸು ಉಜ್ಜಿದ್ದಾಳೆ. ಶಾಂತಕುಮಾರಿ ಬಿದ್ದು ಸೊಂಟ ಮುರಿದುಕೊಂಡಾಗ ನಾಲ್ಕು ತಿಂಗಳು ಮಲಮೂತ್ರ ಎತ್ತಿದ್ದಾಳೆ. ಅದಕ್ಕೆಲ್ಲ ಒಂದು ದಿನವೂ ಭೇಷ್ ಎಂದವರಿಲ್ಲ. ಈ ರೇಟಿಗೆ ಮಾತ್ರ ಭೇಷ್ ಬರುತ್ತಿತ್ತು. ಹೊಗಳಿದರೆ ಯಾರಿಗೆ ತಾನೇ ಖುಷಿಯಾಗುವುದಿಲ್ಲ? ಮುಂದಿನ ವಾರ ಅವಳು ಈರುಳ್ಳಿಗೂ ಎರಡು ರೂಪಾಯಿ ಇಳಿಸಿ ಹೇಳುತ್ತಿದ್ದಳು.

ಆ ಟೊಮೇಟೊ ಎಂಥದ್ದು ಎಂದು ಅವರು ಕೇಳಲಿಲ್ಲ. ಇವಳೂ ಹೇಳಲಿಲ್ಲ. ಮಂಗಳವಾರ ಕೆ.ಆರ್. ಪುರದ ಸಂತೆ ಮುರಿಯುವ ಹೊತ್ತಿಗೆ ವ್ಯಾಪಾರಿಗಳು ಉಳಿದದ್ದನ್ನು ಗೋಣಿತಟ್ಟಿನ ಮೇಲೆ ಗುಡ್ಡೆ ಹಾಕುತ್ತಾರೆ. ಗುಡ್ಡೆ ಹತ್ತು ರೂಪಾಯಿ. ಆರಿಸುವ ಹಾಗಿಲ್ಲ. ಮನೆಗೆ ತಂದು ಕೊಳೆತದ್ದನ್ನು ಕೊಯ್ದು ಬಿಸಾಡಿದರೆ ಅರ್ಧ ಉಳಿಯುತ್ತದೆ. ಆ ಅರ್ಧವನ್ನು ಅಂದೇ ಬೇಯಿಸಬೇಕು, ಮಾರನೇ ದಿನಕ್ಕೆ ನಾರುತ್ತದೆ. ಮೊಟ್ಟೆಯೆಂದರೆ ಚಿಪ್ಪು ಬಿರುಕು ಬಿಟ್ಟ ಮೊಟ್ಟೆ. ಈರುಳ್ಳಿಯೆಂದರೆ ಮೊಳಕೆ ಬಂದದ್ದು. ಆದರೂ ಇಷ್ಟರಲ್ಲೇ ಸಂಸಾರ ತೂಗಿಸುತ್ತೇನೆ ಎನ್ನುವುದು ಅವಳ ಹೆಮ್ಮೆ. ಬಡವರಿಗೆ ಹೆಮ್ಮೆ ಇರಬಾರದೆಂದು ಯಾರಾದರೂ ಹೇಳಿದ್ದಾರೆಯೇ?

ಇನ್ನೊಂದು ತಪ್ಪನ್ನೂ ಅವಳು ಮಾಡುತ್ತಿದ್ದಳು. ತೊಗರಿಬೇಳೆ ಕೊಳ್ಳಲಾಗದ ವಾರ, "ಬೇಳೆ?" ಎಂದು ಅವರು ಕೇಳಿದರೆ, ಎಂದೋ ಕೊಂಡಿದ್ದಾಗಿನ ಹಳೆಯ ರೇಟನ್ನೇ ಹೇಳಿಬಿಡುತ್ತಿದ್ದಳು. ನಮ್ಮ ಮನೆಯಲ್ಲಿ ಬೇಳೆ ಬೇಯದೆ ಮೂರು ತಿಂಗಳಾಯಿತು ಎಂದು ಬಾಯಿಬಿಟ್ಟು ಹೇಳುವುದು ಹೇಗೆ? ನಾಚಿಕೆ. ಅವರು ಅದನ್ನೂ ಬರೆದುಕೊಳ್ಳುತ್ತಿದ್ದರು. ಅಕ್ಕಿ ರೇಷನ್ನಿನದು, ಸೊನ್ನೆ. ಬಸ್ಸು ಹೆಂಗಸರಿಗೆ ಪುಕ್ಕಟೆ, ಸೊನ್ನೆ. ಸೊನ್ನೆ ಬರೆಯುವಾಗ ಅವರ ಪೆನ್ನು ದುಂಡಗೆ ತಿರುಗುತ್ತಿತ್ತು.

ಯಜ್ಞನಾರಾಯಣರು ದೊಡ್ಡ ಬ್ಯಾಂಕೊಂದರಲ್ಲಿ ದೇಶದ ಬೆಲೆಗಳ ಲೆಕ್ಕ ನೋಡಿಕೊಂಡಿದ್ದವರು. ನಿವೃತ್ತರಾದ ಮೇಲೂ ಆ ಚಾಳಿ ಬಿಟ್ಟಿರಲಿಲ್ಲ. ಅಲ್ಲಿ ಇಲ್ಲಿ ಭಾಷಣ, ಪತ್ರಿಕೆಗೆ ಒಂದು ಅಂಕಣ. ಅಪಾರ್ಟ್‌ಮೆಂಟಿನ ಅಸೋಸಿಯೇಷನ್ನಿಗೂ ಅವರೇ ಅಧ್ಯಕ್ಷರು. ಕೆಟ್ಟ ಬಾಯಿಯವರಲ್ಲ. ಗದರಿದವರಲ್ಲ. ಅವಳಿಗೆ ಕಾಫಿ ಕೊಡದೆ ಒಂದು ದಿನವೂ ಕಳಿಸಿದವರಲ್ಲ. ಆದರೆ ಅವಳ ಲೋಟ ಬೇರೆ. ಅದು ಯುಟಿಲಿಟಿ ಬಾಲ್ಕನಿಯಲ್ಲಿ, ನೆಲ ಒರೆಸುವ ಬಕೆಟ್ಟಿನ ಪಕ್ಕ, ಬೋರಲಾಗಿ ಇರುತ್ತಿತ್ತು.

ಆ ವರ್ಷ ರೂಪಾಯಿ ಬಿತ್ತು, ಬಿತ್ತು ಎಂದು ಟಿವಿಗಳು ಬಡಿದುಕೊಳ್ಳತೊಡಗಿದವು. ಅಡುಗೆ ಎಣ್ಣೆ ಏರಿತು. ಸೋಪು ಏರಿತು. ಗ್ಯಾಸು ಏರಿತು. ನೆಲ ಒರೆಸುತ್ತಿದ್ದ ಪೀರಮ್ಮ ತಲೆಯೆತ್ತಿ ಕೇಳಿದಳು.

"ಡಾಲರ್ ಏರಿದ್ರೆ ನಮ್ ಎಣ್ಣೆ ಯಾಕ್ ಸಾರ್ ಏರ್ತದೆ?"

"ಎಣ್ಣೆ ಹೊರದೇಶದಿಂದ ಬರುತ್ತಲ್ಲಮ್ಮ. ಡಾಲರ್ ಕೊಟ್ಟು ತರಿಸ್ಬೇಕು. ರೂಪಾಯಿ ಸೋತ್ರೆ ಜಾಸ್ತಿ ರೂಪಾಯಿ ಸುರೀಬೇಕು. ರೂಪಾಯಿ ಬೀಳದಿರ್ಲಿ ಅಂತ ಸರ್ಕಾರದವ್ರು ಕೂಡಿಟ್ಟ ಡಾಲರ್ ತೆಗೆದು ಮಾರ್ತಾರೆ. ಚಿನ್ನದ ಮೇಲೆ ಸುಂಕ ಹಾಕ್ತಾರೆ, ಜನ ಚಿನ್ನ ಕೊಳ್ಳಬಾರದು ಅಂತ."

ಪೀರಮ್ಮನ ಕೈ ತಾನೇ ತಾನಾಗಿ ಕಿವಿಗೆ ಹೋಯಿತು. ಓಲೆ ಗಿರವಿ ಅಂಗಡಿ ಸೇರಿ ವರ್ಷವಾಗಿತ್ತು. ತೂತು ಮುಚ್ಚದಿರಲೆಂದು ಪೊರಕೆಕಡ್ಡಿ ಮುರಿದು ಚುಚ್ಚಿಕೊಂಡಿದ್ದಳು.

"ಆಮೇಲೆ ಬಡ್ಡಿ ಏರಿಸ್ತಾರೆ," ಎಂದು ಅವರು ಮುಂದುವರಿಸಿದರು. "ಬಡ್ಡಿ ಏರಿದ್ರೆ ಜನ ಸಾಲ ಮಾಡಲ್ಲ. ಕೈಲಿ ದುಡ್ಡು ಕಮ್ಮಿ ಆಗುತ್ತೆ. ದುಡ್ಡಿಲ್ಲದಿದ್ರೆ ಕೊಳ್ಳಲ್ಲ. ಕೊಳ್ಳದಿದ್ರೆ ಬೆಲೆ ಇಳಿಯುತ್ತೆ."

"ನಮ್ ಕೈಲಿ ಆಗ್ಲೇ ಇಲ್ವಲ್ಲ ಸಾರ್. ಹಂಗಾದ್ರೆ ಬೆಲೆ ನಾವು ಯಾವಾಗ್ಲೋ ಇಳಿಸ್ಬೇಕಾಗಿತ್ತು."

ಅವರು ಹೊಟ್ಟೆ ಕುಲುಕುವ ಹಾಗೆ ನಕ್ಕರು. ಕೆಂಪು ಪುಸ್ತಕ ತೆರೆದು ಅದನ್ನೂ ಬರೆದುಕೊಂಡರು. "ಕಷ್ಟವನ್ನ ಎಲ್ಲರೂ ಹಂಚಿಕೋಬೇಕು ಪೀರಮ್ಮ," ಎಂದರು. ಅದೇ ವಾರ ಅವರ ಪೆನ್ಷನ್ನಿಗೆ ತುಟ್ಟಿಭತ್ಯೆ ಏರಿತು. ಶಾಂತಕುಮಾರಿ ಕೇಸರಿಬಾತ್ ಮಾಡಿ ಇವಳಿಗೂ ಒಂದು ಸೌಟು ಕೊಟ್ಟರು. ಬೆಲೆ ಏರಿದ್ದಕ್ಕೆ ಸರ್ಕಾರ ತುಂಬಿಕೊಡುವ ದುಡ್ಡು ಅದು ಎಂದು ಪೀರಮ್ಮನಿಗೆ ಗೊತ್ತಿತ್ತು. ನಮಗೂ ಒಂದು ದಿನ ಬರುತ್ತದೆ ಎಂದು ಪೆದ್ದಿ ಅಂದುಕೊಂಡಳು.

ಬಂದದ್ದು ಬೇರೆ. ರಾಮಮೂರ್ತಿ ನಗರದಲ್ಲಿ ಅವಳಿದ್ದ ಶೀಟಿನ ಮನೆಯ ಓನರ್ ಮುನಿಶಾಮಿ ಬಂದ. ಒಂದು ಕಾಲಕ್ಕೆ ಅಲ್ಲೇ ರಾಗಿ ಬೆಳೆಯುತ್ತಿದ್ದವನು. ಈಗ ಅದೇ ಹೊಲದಲ್ಲಿ ಹನ್ನೆರಡು ಶೀಟಿನ ಮನೆ, ಪಕ್ಕದಲ್ಲಿ ಸಾಲ ಮಾಡಿ ಎಬ್ಬಿಸುತ್ತಿದ್ದ ನಾಲ್ಕು ಮಹಡಿ.

"ಬರೋ ಒಂದ್ನೇ ತಾರೀಖಿಂದ ಸಾವ್ರ ಜಾಸ್ತಿ ಕಣಮ್ಮ."

"ಸಾವ್ರನಾ? ಏನಣ್ಣ ಹಿಂಗಂತೀಯ?"

"ಬ್ಯಾಂಕ್ನೋರು ಬಡ್ಡಿ ಏರ್ಸವ್ರೆ. ಕಂತು ಎಲ್ಲಿಂದ ಕಟ್ಲಿ? ನನ್ ಮನೆ ಮಾರ್ಲಾ? ಆಗಲ್ಲ ಅಂದ್ರೆ ಖಾಲಿ ಮಾಡು. ಬರೋರು ಬೇಕಾದಷ್ಟು ಜನ ಔರೆ."

ಖಾಲಿ ಮಾಡಿ ಎಲ್ಲಿಗೆ ಹೋಗುವುದು? ಮಗಳು ಭವ್ಯ ಹತ್ತನೇ ಕ್ಲಾಸು. ಪರೀಕ್ಷೆಗೆ ಎರಡು ತಿಂಗಳಿತ್ತು. ಶಾಲೆ ಎರಡು ಬೀದಿ ಆಚೆ. ಗಂಡನೆಂಬುವನು ಓಡಿಹೋಗಿ ಒಂಬತ್ತು ವರ್ಷ. ಆ ಹುಡುಗಿ ಹತ್ತು ಪಾಸಾಗಬೇಕು, ಇನ್ನೊಬ್ಬರ ಮನೆಯ ಎಂಜಲು ಮುಟ್ಟಬಾರದು. ಪೀರಮ್ಮ ಬದುಕಿದ್ದೇ ಅಷ್ಟಕ್ಕೆ. ಸಾವಿರ ರೂಪಾಯಿ ಹುಟ್ಟಿಸಬೇಕು. ಇಲ್ಲದಿದ್ದರೆ ಪಾತ್ರೆಪಡಗ ಹೊತ್ತುಕೊಂಡು ಬೀದಿಗೆ ಬೀಳಬೇಕು.

ಆ ಅಪಾರ್ಟ್‌ಮೆಂಟಿನಲ್ಲಿ ಕೆಲಸ ಮಾಡುವ ಇಪ್ಪತ್ತೆರಡು ಹೆಂಗಸರಿಗೂ ಹೀಗೇ ಒಂದೊಂದು ಏರಿತ್ತು. ಜನರೇಟರಿನ ಹಿಂದಿನ ಕಟ್ಟೆಯೇ ಅವರ ಊಟದ ಜಾಗ. ಎರಡನೇ ಮಹಡಿಯಲ್ಲಿ ಕೆಲಸ ಮಾಡುವ ಯಂಕಮ್ಮ ಅಲ್ಲಿ ಗುಡುಗಿದಳು.

"ನಾಳೆಯಿಂದ ಯಾರೂ ಮೇಲಕ್ಕೆ ಹತ್ತಬ್ಯಾಡ್ರಿ. ತಿಂಗ್ಳಿಗೆ ಸಾವ್ರ ಜಾಸ್ತಿ ಕೊಡೋಗಂಟ ಅವರ ತಟ್ಟೆ ಅವರೇ ತೊಳ್ಕೊಳ್ಳಿ."

ಎಲ್ಲರೂ ಹೂಂ ಎಂದರು. ಅಲ್ಲಿ ಎದ್ದು ನಿಂತು ತಡೆದವಳು ಯಾರು? ಇದೇ ಪೀರಮ್ಮ.

"ದುಡುಕಬ್ಯಾಡ ಅಕ್ಕ. ನಮ್ ಸಾರ್ ಹತ್ರ ನಾನು ಮಾತಾಡ್ತೀನಿ. ನಾವ್ ಏನ್ ತಿಂತೀವಿ, ಏನ್ ಉಡ್ತೀವಿ, ಎಲ್ಲಾ ಅವರ ಪುಸ್ತಕದಾಗೈತೆ. ವಾರವಾರ ಬರ್ಕೊಂಡೌರೆ. ನಮ್ ಕಷ್ಟ ಅವರಿಗೆ ಗೊತ್ತಿರೋಷ್ಟು ಯಾರಿಗೂ ಗೊತ್ತಿಲ್ಲ."

"ಅವರ ಮೇಲೆ ಅಷ್ಟು ನಂಬಿಕೆನಾ ನಿಂಗೆ?"

"ನನ್ ಮಗಳಾಣೆ."

ಮಗಳ ಮೇಲೆ ಆಣೆ ಇಟ್ಟಳು. ಎಷ್ಟು ಸುಲಭಕ್ಕೆ ಇಟ್ಟಳು, ನೋಡಿ.

ಯಜ್ಞನಾರಾಯಣರ ಎದುರು ನಿಂತು ಬಾಡಿಗೆಯ ವಿಷಯ, ಎಲ್ಲರೂ ಸಾವಿರ ಕೇಳುತ್ತಿರುವ ವಿಷಯ ಹೇಳಿದಳು. ಅವರು ಕನ್ನಡಕ ತೆಗೆದು ಗಮನವಿಟ್ಟು ಕೇಳಿದರು. "ಭಾನುವಾರ ಮೀಟಿಂಗ್ ಇದೆ ಪೀರಮ್ಮ. ನಿಮ್ಮೆಲ್ಲರ ವಿಷಯ ನಾನೇ ಮಾತಾಡ್ತೀನಿ. ನಿನ್ನ ಹನ್ನೊಂದು ವರ್ಷದ್ದು ನನ್ನ ಹತ್ರ ಇದೆಯಲ್ಲ," ಎಂದು ಕೆಂಪು ಪುಸ್ತಕ ತಟ್ಟಿದರು. ಅವಳ ಕಣ್ಣಲ್ಲಿ ನೀರು ಬಂತು. ಕೆಳಗೆ ಓಡಿಹೋಗಿ, "ಆಯ್ತು ಕಣ್ರೇ, ಅವರೇ ಮಾತಾಡ್ತಾರಂತೆ!" ಎಂದು ಎಲ್ಲರಿಗೂ ಸಾರಿದಳು.

ಭಾನುವಾರ ಕೆಳಗಿನ ಹಾಲಿನಲ್ಲಿ ಮೀಟಿಂಗು. ನಲವತ್ತು ಮನೆಯವರಿಗೆ ವಡೆ ಹಂಚುವ, ಕಾಫಿ ಕೊಡುವ ಕೆಲಸ ಪೀರಮ್ಮನಿಗೇ ಬಿತ್ತು. ರಜಾದಿನದ ಕೆಲಸ, ಸಂಬಳವಿಲ್ಲ. ಅವಳು ಬೇಕೆಂದೇ ಒಪ್ಪಿಕೊಂಡಿದ್ದಳು. ತನ್ನ ಕಿವಿಯಾರೆ ಕೇಳಬೇಕಿತ್ತು. ಹೊರಗೆ ಕಿಟಕಿಯ ಕೆಳಗೆ ಯಂಕಮ್ಮ ಮತ್ತು ಐದಾರು ಹೆಂಗಸರು ಗಿಡಗಳ ಮಧ್ಯೆ ಕುಕ್ಕರುಗಾಲಲ್ಲಿ ಕೂತಿದ್ದರು.

ಗೋಡೆಯ ಮೇಲೆ ಬೆಳಕು ಬಿತ್ತು. ಇಂಗ್ಲಿಷ್ ಅಕ್ಷರ ಅವಳಿಗೆ ಬಾರದು. ಆದರೆ ಅಂಕಿ ಬರುತ್ತದೆ. ಟೊಮೇಟೊದ ಚಿತ್ರ, ಪಕ್ಕದಲ್ಲಿ ಹತ್ತು. ಮೊಟ್ಟೆಯ ಚಿತ್ರ, ಪಕ್ಕದಲ್ಲಿ ಮೂರು. ಅಕ್ಕಿ, ಸೊನ್ನೆ. ಬಸ್ಸು, ಸೊನ್ನೆ. ಅಯ್ಯೋ, ಇವು ನನ್ನವೇ ಅಲ್ಲವೇ ಎಂದು ಅವಳಿಗೆ ಒಮ್ಮೆ ಸಂತೋಷವೇ ಆಯಿತು.

"ಇದಕ್ಕೆ ನಾನು ಪೀರಮ್ಮ ಸೂಚ್ಯಂಕ ಅಂತ ಹೆಸರಿಟ್ಟಿದ್ದೀನಿ," ಎಂದರು ಯಜ್ಞನಾರಾಯಣ. "ಅಲ್ಲಿ ಕಾಫಿ ಕೊಡ್ತಿದ್ದಾಳಲ್ಲ, ಅವಳೇ ಪೀರಮ್ಮ. ನಮ್ಮ ಮನೆಯವಳೇ."

ಎಲ್ಲರೂ ತಿರುಗಿ ನೋಡಿದರು. ಚಪ್ಪಾಳೆ ಬಿತ್ತು. ಅವಳು ಟ್ರೇ ಹಿಡಿದೇ ತಲೆ ತಗ್ಗಿಸಿ ನಕ್ಕಳು.

"ಕೆಲಸದವರ ಸಂಬಳ ಸಾವಿರ ಏರಿಸಬೇಕು ಅನ್ನೋ ಮಾತು ಕೇಳಿಬರ್ತಿದೆ. ಭಾವನೆ ಬೇಡ, ಅಂಕಿ ನೋಡೋಣ. ನಮಗೆ ಬೆಲೆ ಏರಿದೆ, ನಿಜ. ಅವರಿಗೆ ಎಷ್ಟು ಏರಿದೆ? ಹೆಚ್ಚೂ ಕಮ್ಮಿ ಏನೂ ಇಲ್ಲ. ಅವರ ಮಾರುಕಟ್ಟೆ ಬೇರೆ. ಅವರ ಜಾಣತನ ಬೇರೆ. ಇದು ನನ್ನ ಮಾತಲ್ಲ, ಪೀರಮ್ಮನೇ ತನ್ನ ಬಾಯಿಂದ ವಾರವಾರ ಹೇಳಿದ್ದು. ಈಗ ನಾವು ಕೂಲಿ ಏರಿಸಿದ್ರೆ ಬೆಲೆ ಏರುತ್ತೆ, ಬೆಲೆ ಏರಿದ್ರೆ ಮತ್ತೆ ಕೂಲಿ ಕೇಳ್ತಾರೆ. ಎಲ್ಲಾದರೂ ಒಂದು ಕಡೆ ಕಡಿವಾಣ ಹಾಕಲೇಬೇಕು. ರೂಪಾಯಿ ಕಾಪಾಡೋಕೆ ಸರ್ಕಾರ ಒದ್ದಾಡ್ತಿದೆ. ನಮ್ಮ ಕಡೆಯಿಂದ ಇಷ್ಟಾದರೂ ಬೇಡವಾ?"

ಗೋಡೆಯ ಮೇಲೆ ನಿರ್ಣಯ ಬಂತು. ಒಬ್ಬರು ಎದ್ದು ಕನ್ನಡದಲ್ಲಿ ಓದಿದರು. ಒಂದು ವರ್ಷ ಯಾರ ಮನೆಯಲ್ಲೂ ಸಂಬಳ ಏರಿಸಕೂಡದು. ಒಂದು ಮನೆ ಬಿಟ್ಟವಳನ್ನು ಇನ್ನೊಂದು ಮನೆಯವರು ಸೇರಿಸಿಕೊಳ್ಳಕೂಡದು. ಕೈಗಳು ಎದ್ದವು. ಶಾಂತಕುಮಾರಿಯವರ ಕೈಯೂ ಎದ್ದಿತು. ಆ ಕೈ ಹಿಡಿದು ಪೀರಮ್ಮ ನಾಲ್ಕು ತಿಂಗಳು ನಡೆಸಿದ್ದಳು.

ಟ್ರೇಯಲ್ಲಿನ ಕಾಫಿ ತುಳುಕಿ ಅವಳ ಮುಂಗೈ ಸುಟ್ಟಿತು. ಸೋಪಿನ ಪುಡಿಗೆ ಸೀಳಿದ ಚರ್ಮ, ಕೆಂಡ ಇಟ್ಟ ಹಾಗಾಯಿತು. ಆದರೂ ಕೊನೆಯ ಸಾಲಿನ ತನಕ ಕಾಫಿ ಕೊಟ್ಟಳು. ಅಷ್ಟು ವರ್ಷದ ಅಭ್ಯಾಸ ಅದು, ನಿಲ್ಲು ಎಂದರೂ ಮೈ ಕೇಳಲಿಲ್ಲ.

ಹೊರಗೆ ಬಂದಾಗ ಯಂಕಮ್ಮ ಎದ್ದು ನಿಂತಿದ್ದಳು.

"ಚೆನ್ನಾಗ್ ಮಾತಾಡಿದ್ರು ಕಣೆ ನಿಮ್ ಸಾರು. ಹತ್ತು ರೂಪಾಯಿಗೆ ಕೆಜಿ ಟೊಮೇಟೊ ಎಲ್ಲೇ ಸಿಗ್ತದೆ? ನಂಗೂ ಒಂಚೂರು ಹೇಳು, ನಾನೂ ತಂದ್ಕೊಂತೀನಿ."

"ಗುಡ್ಡೆ ರೇಟು ಅಕ್ಕ ಅದು..."

"ಗುಡ್ಡೆ ಅಂತ ಹೇಳಿದ್ಯಾ ಅವರಿಗೆ?"

ಪೀರಮ್ಮ ಸುಟ್ಟ ಮುಂಗೈಯನ್ನು ಸೆರಗಿನಿಂದ ಮುಚ್ಚಿಕೊಂಡಳು.

"ಅವ್ರು ಭೇಷ್ ಅಂದ್ರು ಅಂತ ನೀನು ಕಮ್ಮಿ ಕಮ್ಮಿ ಹೇಳ್ಕೊಂಡು ಬಂದೆ. ಇಪ್ಪತ್ತೆರಡು ಜನದ ಹೊಟ್ಟೆ ಮೇಲೆ ಹೊಡ್ದೆ. ಥೂ ನಿನ್ನ!"

ಉಗುಳು ಪೀರಮ್ಮನ ಕಾಲ ಬಳಿ ಬಿತ್ತು. ಸೋಮವಾರ ಯಾರೂ ಅವಳನ್ನು ಮಾತಾಡಿಸಲಿಲ್ಲ. ಕಟ್ಟೆಯ ಮೇಲೆ ಅವಳಿಗೆ ಜಾಗ ಬಿಡಲಿಲ್ಲ. ಲಿಫ್ಟು ಕೆಲಸದವರಿಗೆ ಇಲ್ಲವಾದ್ದರಿಂದ ಮೆಟ್ಟಿಲು ಹತ್ತಿದಳು, ಪಾತ್ರೆ ತಿಕ್ಕಿದಳು, ಇಳಿದಳು. ಮೂರನೇ ಮಹಡಿಯಲ್ಲಿ ಮಾತ್ರ ಎಲ್ಲವೂ ಮೊದಲಿನ ಹಾಗೇ ಇತ್ತು. ಯಜ್ಞನಾರಾಯಣರು ಪೇಪರು ಓದುತ್ತಾ, "ಬೇಜಾರು ಮಾಡ್ಕೋಬೇಡ ಪೀರಮ್ಮ, ಒಂದು ವರ್ಷ ತಡ್ಕೋ," ಎಂದರು. ನಿಜವಾಗಿಯೂ ಅವರಿಗೆ ತಾವು ಏನೋ ತಪ್ಪು ಮಾಡಿದ್ದೇವೆ ಎಂದು ಅನ್ನಿಸಿರಲಿಲ್ಲ. ಅವಳನ್ನು ಕೊಂದದ್ದು ಅದೇ. ಬೈದಿದ್ದರೆ ತಿರುಗಿ ಬೈಯಬಹುದಿತ್ತು.

ಆ ದಿನ ಮನೆಗೆ ಹೋಗುವಾಗ ಬಸ್ಸಿನಲ್ಲಿ ಅವಳಿಗೆ ಒಂದು ವಿಷಯ ಹೊಳೆಯಿತು. ಹನ್ನೊಂದು ವರ್ಷದಲ್ಲಿ ಅವರು ಒಂದು ಬುಧವಾರವೂ ಬಾಡಿಗೆ ಎಷ್ಟು ಎಂದು ಕೇಳಿರಲಿಲ್ಲ. ಮೊನ್ನೆ ತಾನೇ ಎದುರು ನಿಂತು ಹೇಳಿದ್ದನ್ನೂ ಗೋಡೆಯ ಮೇಲೆ ತೋರಿಸಲಿಲ್ಲ. ಒಂದು ಮನೆಯ ಚಿತ್ರ ಹಾಕುವುದು ಎಷ್ಟು ಹೊತ್ತಿನ ಕೆಲಸ? ಗೊತ್ತಿದ್ದೂ ಬಿಟ್ಟರು. ಅಲ್ಲಿಯ ತನಕ ಅವಳು ತನ್ನನ್ನೇ ಶಪಿಸಿಕೊಳ್ಳುತ್ತಿದ್ದಳು. ಆಗ ಸಿಟ್ಟು ಬಂತು. ಕಾಲಿನಿಂದ ತಲೆಗೆ ಏರಿತು.

ಮಂಗಳವಾರ ಸಂತೆ ಮುರಿಯುವ ಹೊತ್ತಿಗೆ ಹೋಗಿ ಒಂದು ಗುಡ್ಡೆ ಕೊಂಡಳು. ಮನೆಗೆ ತಂದು ಕೊಯ್ಯಲಿಲ್ಲ. ಭವ್ಯ, "ಅಡುಗೆ ಮಾಡಲ್ವೇನಮ್ಮ?" ಎಂದು ಕೇಳಿದ್ದಕ್ಕೆ, "ಇದು ನಮಗಲ್ಲ, ಸಾರ್‌ಗೆ," ಎಂದಳು.

ಬುಧವಾರ ಬೆಳಿಗ್ಗೆ ಮೊದಲು ಕಟ್ಟೆಗೆ ಹೋದಳು. ಹೆಂಗಸರು ಮುಖ ತಿರುಗಿಸಿದರು.

"ನಂದೇ ತಪ್ಪು," ಎಂದಳು ಪೀರಮ್ಮ. "ನಾನು ಸುಳ್ಳು ರೇಟು ಹೇಳ್ದೆ. ಬೇಳೆ ತಿನ್ನದೇ ಇದ್ದಾಗ ತಿಂದೆ ಅಂದೆ. ನಾಚ್ಕೆ ಆಗ್ತಿತ್ತು. ಇವತ್ತು ಮೇಲಕ್ಕೋಗಿ ಕೆಲಸ ಬಿಟ್ಟು ಬರ್ತೀನಿ. ನೀವು ಬರ್ತೀರೋ ಬಿಡ್ತೀರೋ ನಿಮಗೆ ಬಿಟ್ಟಿದ್ದು." ಯಾರ ಉತ್ತರಕ್ಕೂ ಕಾಯದೆ ಹೋಗಿ ಲಿಫ್ಟಿನ ಗುಂಡಿ ಒತ್ತಿದಳು. ಸೆಕ್ಯೂರಿಟಿಯವನು, "ಏಯ್, ಏಯ್!" ಎಂದು ಓಡಿ ಬರುವಷ್ಟರಲ್ಲಿ ಬಾಗಿಲು ಮುಚ್ಚಿತ್ತು.

ಯಜ್ಞನಾರಾಯಣರು ಪುಸ್ತಕ ತೆರೆದು ಕೂತಿದ್ದರು. ನಾಚಿಕೆಗೇಡು ಎಂದರೆ ಇದಲ್ಲವೇ? ಭಾನುವಾರ ಕತ್ತು ಕೊಯ್ದವರು ಬುಧವಾರ ಮತ್ತೆ ಪೆನ್ನು ಹಿಡಿದಿದ್ದರು.

"ಟೊಮೇಟೊ?"

ಪೀರಮ್ಮ ಚೀಲವನ್ನು ಪುಸ್ತಕದ ಮೇಲೆ ಬೋರಲು ಹಾಕಿದಳು. ಕೊಳೆತ ಹಣ್ಣು ಪಚಕ್ಕನೆ ಬಿದ್ದು ಒಡೆಯಿತು. ರಸ ಹಾಳೆಗಳ ಮೇಲೆ, ಅವರ ಬಿಳಿ ಪಂಚೆಯ ಮೇಲೆ ಹರಿಯಿತು. ಹುಳಿತ ವಾಸನೆ ಮನೆಯೆಲ್ಲ ತುಂಬಿತು.

"ಇದೇ ಸಾರ್ ಹತ್ರೂಪಾಯಿದು. ತಿನ್ನಿ."

"ಏ, ಏನಿದು? ತಲೆ ಕೆಟ್ಟಿದ್ಯಾ ನಿಂಗೆ?"

ಶಾಂತಕುಮಾರಿ ಅಡುಗೆಮನೆಯಿಂದ ಓಡಿಬಂದರು. "ಅಯ್ಯೋ, ಪೀರಮ್ಮ! ಪಂಚೆ ಎಲ್ಲಾ ಹಾಳಾಯ್ತು!"

"ಪಂಚೆ ನಾನ್ ಒಗೆಯಲ್ಲ ಅಮ್ಮ ಇನ್ಮೇಲೆ. ಸಾರ್, ಕೇಳಿ, ಮುಂದಿನದು ಕೇಳಿ. ಬೇಳೆ ಕೇಳಲ್ವಾ? ಬೇಳೆ ತಿಂದಿಲ್ಲ. ಮೂರ್ ತಿಂಗ್ಳಾಯ್ತು. ಬರ್ಕೊಳ್ಳಿ. ತಿನ್ನದೇ ಇರೋ ಬೇಳೆಗೆ ರೇಟು ಎಷ್ಟು? ಹಾಲು? ಇಲ್ಲ. ಗ್ಯಾಸು? ತಿಂಗ್ಳಲ್ಲಿ ಹತ್ತು ದಿನ ಸೌದೆ. ಓಲೆ ಗಿರವಿ ಅಂಗಡೀಲೈತೆ. ಬಾಡಿಗೆ? ಬಾಡಿಗೆ ಯಾಕ್ ಸಾರ್ ಕೇಳ್ಲಿಲ್ಲ ನೀವು? ಕೇಳೋದಿರ್ಲಿ, ನಾನಾಗೇ ಹೇಳಿದ್ನಲ್ಲ, ಅದು ಎಲ್ಲೋಯ್ತು?"

ಅವರು ಪೆನ್ನು ಹಿಡಿದುಕೊಂಡೇ ಇದ್ದರು. "ಹಾಗೆಲ್ಲ ಬರೆಯೋಕೆ ಇದರಲ್ಲಿ ಕಾಲಂ ಇಲ್ಲಮ್ಮ," ಎಂದರು.

ಆ ಮಾತಿಗೆ ಪೀರಮ್ಮನಿಗೆ ನಗು ಬಂತು, ಅದರ ಹಿಂದೆಯೇ ಅಳು ಬಂತು. ಅಳುವುದನ್ನು ಅವರಿಗೆ ತೋರಿಸಬಾರದು ಎಂದು ಬಾಲ್ಕನಿಗೆ ಹೋದಳು. ಬಕೆಟ್ಟಿನ ಪಕ್ಕದ ತನ್ನ ಲೋಟ ತಂದು ಅವರ ಮುಂದಿನ ಮೇಜಿನ ಮೇಲೆ ಕುಕ್ಕಿದಳು.

"ನಿಮ್ಮನ್ನ ದೇವರಂಥೋರು ಅಂತ ನಂಬಿ ನನ್ ಮಗಳ ಮೇಲೆ ಆಣೆ ಇಟ್ಟಿದ್ದೆ. ನನ್ ಬಾಯಿಂದ ಹೇಳಿಸಿ ನನ್ ಕುತ್ತಿಗೆಗೇ ಹಗ್ಗ ಹಾಕಿದ್ರಿ. ನನ್ ಹೆಸ್ರು ಗೋಡೆ ಮೇಲಿಂದ ತೆಗೀರಿ ಸಾರ್. ಅದು ನಮ್ಮಪ್ಪ ಪೀರ್ ದರ್ಗಾಕ್ಕೆ ಹರಕೆ ಹೊತ್ತು ಇಟ್ಟ ಹೆಸ್ರು. ನಿಮಗೆ ಅಂತ ಇಟ್ಟಿದ್ದಲ್ಲ."

ಲಿಫ್ಟಿನಲ್ಲೇ ಇಳಿದಳು. ಗೇಟಿನ ಹೊರಗೆ ರಸ್ತೆಯ ಬದಿ ಒಬ್ಬಳೇ ಕೂತಳು. ಕೈ ಇನ್ನೂ ಟೊಮೇಟೊ ನಾರುತ್ತಿತ್ತು. ತಾರೀಖು ಇಪ್ಪತ್ತೇಳು. ಮುನಿಶಾಮಿ ಬರಲು ಐದು ದಿನ. ಮಾಡಿದ್ದು ಸರಿಯೋ ತಪ್ಪೋ? ಭವ್ಯಳ ಪುಸ್ತಕದ ಚೀಲವನ್ನು ಯಾರ ಜಗುಲಿಯ ಮೇಲೆ ಇಡುವುದು?

ಅರ್ಧ ಗಂಟೆಯಾಯಿತು. ಯಂಕಮ್ಮ ಗೇಟಿನಿಂದ ಹೊರಗೆ ಬಂದಳು. ಅವಳ ಹಿಂದೆ ಇನ್ನಿಬ್ಬರು. ಆಮೇಲೆ ನಾಲ್ವರು. ಆಮೇಲೆ ಪೀರಮ್ಮ ಎಣಿಸುವುದನ್ನು ಬಿಟ್ಟಳು. ಯಂಕಮ್ಮ ಪಕ್ಕದಲ್ಲಿ ಕೂತಳು. ಕ್ಷಮಿಸಿದ ಮುಖವಲ್ಲ ಅದು. ಆದರೂ ಕೂತಳು.

ಮೊದಲನೇ ದಿನ ಮೇಲಿನವರು ನಕ್ಕರು. ಎರಡನೇ ದಿನ ಸಿಂಕುಗಳು ತುಂಬಿದವು. ಕೆಲಸದವರನ್ನು ಕಳಿಸುವ ಏಜೆನ್ಸಿಗೆ ಫೋನು ಮಾಡಿದವರಿಗೆ ಏಜೆನ್ಸಿ ಹೇಳಿದ ರೇಟು ಕೇಳಿ ಬೆವರು ಬಂತು. ಮೂರನೇ ದಿನ ಮಧ್ಯಾಹ್ನ ಬಾಲ್ಕನಿಗಳಲ್ಲಿ ಜನ ನಿಂತರು. ಮೂರನೇ ಮಹಡಿಯಿಂದ ಯಜ್ಞನಾರಾಯಣರು ಬಗ್ಗಿ ನೋಡಿದರು. ಅವರ ಹಿಂದೆ ಶಾಂತಕುಮಾರಿ, ಸೆರಗಿಗೆ ಒದ್ದೆ ಕೈ ಒರೆಸಿಕೊಳ್ಳುತ್ತಾ.

"ಪೀರಮ್ಮಾ," ಎಂದು ಅವರು ಮೇಲಿನಿಂದಲೇ ಕೂಗಿದರು. ಬುಧವಾರದ ಅದೇ ದನಿ. "ಇದೆಲ್ಲ ಯಾಕೆ? ಒಂದು ಐನೂರು ಅಂತ ಹೇಳಿ ಮುಗಿಸೋಣ. ಏನಂತೀಯ? ಎಷ್ಟು ಹೇಳು."

ಹೆಂಗಸರೆಲ್ಲ ಅವಳ ಬಾಯಿ ನೋಡಿದರು. ಐನೂರು ಸಿಗುತ್ತದೆ, ಇನ್ನೈನೂರನ್ನು ಹೇಗೋ ಹೊಂದಿಸಬಹುದು ಎಂದು ಹನ್ನೊಂದು ವರ್ಷದ ಹಳೆಯ ನಾಲಿಗೆ ಎದ್ದಿತು. ಇಳಿಸಿ ಹೇಳುವ ನಾಲಿಗೆ. ಭೇಷ್‌ಗೆ ಕಾಯುವ ನಾಲಿಗೆ. ಅವಳು ಅದನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಳು. ಯಂಕಮ್ಮನ ಮೊಣಕೈ ಅವಳ ಪಕ್ಕೆಗೆ ತಾಗಿತು.

ಪೀರಮ್ಮ ಎದ್ದು ನಿಂತಳು. ರಸ್ತೆಗೆಲ್ಲ ಕೇಳಿಸುವ ಹಾಗೆ ಕೂಗಿ ಹೇಳಿದಳು.

"ಸಾವ್ರ, ಸಾರ್. ಇಪ್ಪತ್ತೆರಡು ಜನಕ್ಕೂ. ಬರ್ಕೊಳ್ಳಿ."